ಫೋನಿನಲ್ಲಿ ಉಳಿದ ಅಳತೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸೊಸೆಯ ಫೋನು ಕಣ್ಣು ಮುಚ್ಚಿತು. ಅದು ಬಿದ್ದಿರಲಿಲ್ಲ, ನೆನೆದಿರಲಿಲ್ಲ, ಯಾರೂ ಅದರ ಮೇಲೆ ಕೂತಿರಲಿಲ್ಲ. ಹೊಲಿಗೆ ಯಂತ್ರದ ಮುಂದಿದ್ದ ಅವಳು ಗಂಟೆ ಎಷ್ಟಾಯಿತೆಂದು ನೋಡಲು ಏಪ್ರನ್ನಿನ ಜೇಬಿನಿಂದ ತೆಗೆದರೆ ಗಾಜು ಕಪ್ಪಗಿತ್ತು. ಗುಂಡಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಚಾರ್ಜಿಗೆ ಹಾಕಿ, ಒಂದು ತೋಳು ಹೊಲಿದು ಮುಗಿಸಿ ಬಂದು ನೋಡಿದಾಗಲೂ ಗಾಜಿನಲ್ಲಿ ಅವಳ ಮುಖವೇ ಕಂಡಿತು.

ಬೇರೆ ಮನೆಗಳಲ್ಲಿ ಫೋನು ಸತ್ತರೆ ಮಾತು ನಿಲ್ಲುತ್ತದೆ. ಈ ಮನೆಯಲ್ಲಿ ಮಾತಿಗೆ ಯಾವತ್ತೂ ಬರವಿರಲಿಲ್ಲ, ನಿಂತದ್ದು ಕೆಲಸ. ಅತ್ತೆ, ಸೊಸೆ ಇಬ್ಬರೂ ಟೈಲರುಗಳು. ನೆಲಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಎರಡು ಯಂತ್ರ, ನಡುವೆ ಒಂದು ದೊಡ್ಡ ಮೇಜು. ಬಟ್ಟೆ ಕತ್ತರಿಸುವುದೂ ಅದರ ಮೇಲೆ, ನಾಲ್ಕು ಜನ ಊಟ ಮಾಡುವುದೂ ಅದರ ಮೇಲೆ. ಊಟದ ಹೊತ್ತಿಗೆ ಬಟ್ಟೆ ಸುತ್ತಿಟ್ಟು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಆದರೂ ತಟ್ಟೆಯಲ್ಲಿ ಒಂದು ದಾರದ ಎಳೆ ಸಿಗದ ದಿನವಿಲ್ಲ.

ಹೊಸದಾಗಿ ಶುರುವಾಗಿದ್ದ ಆಸ್ಪತ್ರೆಯೊಂದರ ಇಪ್ಪತ್ತೆಂಟು ನರ್ಸುಗಳಿಗೆ ಮೇಲಂಗಿ ಹೊಲಿಯುವ ಕೆಲಸ ಸೊಸೆಗೆ ಸಿಕ್ಕಿತ್ತು. ಅತ್ತೆಯ ಹೆಸರು ಹೇಳಿಕೊಂಡು ಬಂದ ಕೆಲಸವಲ್ಲ ಅದು. ಅವಳೇ ಮೂರು ಸಲ ಹೋಗಿ, ಮಾದರಿ ಹೊಲಿದು ತೋರಿಸಿ ಗಿಟ್ಟಿಸಿಕೊಂಡದ್ದು. ಬಟ್ಟೆ ಆಸ್ಪತ್ರೆಯದೇ, ಇಪ್ಪತ್ತೆಂಟು ಅಂಗಿಗೆ ಸರಿಯಾಗಿ ಅಳೆದು ಕೊಟ್ಟದ್ದು. ಒಂದು ಅಂಗಿ ಕೆಟ್ಟರೂ ತುಂಬಿಕೊಡಲು ಅದೇ ಬಟ್ಟೆ ಪೇಟೆಯಲ್ಲಿ ಸಿಗುವುದಿಲ್ಲ. ತಿಂಗಳ ಕೊನೆಯ ದಿನ ಎಲ್ಲವನ್ನೂ ಒಪ್ಪಿಸಬೇಕು.

ಆ ಇಪ್ಪತ್ತೆಂಟು ಜನರ ಅಳತೆ ಇದ್ದದ್ದು ಫೋನಿನಲ್ಲಿ. ಎರಡೂ ಕೈಯಲ್ಲಿ ಟೇಪು ಹಿಡಿದವಳು ಬರೆಯುವುದು ಹೇಗೆ? ಹಾಗಾಗಿ ಸೊಸೆ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡು, "ಒಂದನೇ ನಂಬರು. ಭುಜ ಹದಿನಾಲ್ಕು, ಎದೆ ಮೂವತ್ತಾರು" ಎಂದು ಬಾಯಲ್ಲಿ ಹೇಳುತ್ತಾ ಅಳೆಯುತ್ತಿದ್ದಳು. ಮನೆಗೆ ಬಂದು ಕೇಳಿಸಿಕೊಂಡು ಕತ್ತರಿಸುವುದು. ಎರಡು ವರ್ಷದಿಂದ ಅದೇ ಪದ್ಧತಿ.

ಸಂಜೆ ಅವಳ ಗಂಡ ಕೆಲಸದಿಂದ ಬಂದ. ಅವನು ಲಿಫ್ಟ್ ಮೆಕ್ಯಾನಿಕ್. ಹನ್ನೆರಡು ಅಂತಸ್ತಿನ ಲಿಫ್ಟು ನಡುವೆ ನಿಂತರೂ ಇಳಿಸುವವನಿಗೆ ಈ ಅಂಗೈಯಗಲದ ವಸ್ತು ಯಾವ ಲೆಕ್ಕ ಎಂಬ ಧೈರ್ಯದಲ್ಲಿ ಬೂಟು ಬಿಚ್ಚುವ ಮೊದಲೇ ಫೋನು ಕೈಗೆ ತೆಗೆದುಕೊಂಡ.

"ಗುಂಡಿ ಒತ್ತಿ ಹಿಡಿದ್ಯಾ?"

"ಹಿಡಿದೆ."

"ಎಷ್ಟು ಹೊತ್ತು?"

"ಬೆರಳು ನೋಯೋಷ್ಟು."

"ಸೌಂಡ್ ಗುಂಡೀನೂ ಜೊತೆಗೇ ಒತ್ತಬೇಕು. ಲಿಫ್ಟಲ್ಲೂ ಹಂಗೇ, ಎರಡು ಸ್ವಿಚ್ಚು ಒಟ್ಟಿಗೆ ಹಾಕಿದ್ರೇನೇ..."

"ಅಪ್ಪಾ, ಇದು ಲಿಫ್ಟಲ್ಲ," ಎಂದಳು ಮಗಳು. ಹದಿನೈದರ ಈ ಹುಡುಗಿಗೆ ಮನೆಯಲ್ಲಿ ವಕೀಲಿ ಎಂದು ಹೆಸರು. ಪಾಯಿಂಟು ಹಾಕದೆ ಅವಳು ಹಾಲು ಸಹ ಕುಡಿದವಳಲ್ಲ. "ಅಮ್ಮಾ, ಬ್ಯಾಕಪ್ ಇಲ್ವಾ?"

"ಜಾಗ ತುಂಬಿದೆ, ದುಡ್ಡು ಕಟ್ಟಿ ಅಂತ ದಿನಾ ಬರ್ತಿತ್ತು. ನಾನು ದಿನಾ 'ಆಮೇಲೆ' ಅಂತ ಒತ್ತುತ್ತಿದ್ದೆ."

"ಎಷ್ಟು ದಿನದಿಂದ?"

"ಅದೆಲ್ಲ ನಿನ್ನ ಕೋರ್ಟಲ್ಲಿ ಹೇಳ್ಬೇಕಾ ಈಗ?"

ಚಾರ್ಜರು ಬದಲಾಯಿಸಿದರು. ಪ್ಲಗ್ಗು ಬದಲಾಯಿಸಿದರು. ಎದುರು ಮನೆಯ ಚಾರ್ಜರು ತಂದರು. ಕೊನೆಗೆ ಗಂಡ ಅಡುಗೆಮನೆಗೆ ಹೋಗಿ ಫೋನನ್ನು ಅಕ್ಕಿ ಡಬ್ಬದೊಳಗೆ ಹುಗಿದು ಬಂದ.

ಅಲ್ಲಿಯವರೆಗೆ ಮೂಲೆಯ ಯಂತ್ರದಲ್ಲಿ ತಲೆಯೆತ್ತದೆ ಹೊಲಿಯುತ್ತಿದ್ದ ಅತ್ತೆ ಪೆಡಲು ನಿಲ್ಲಿಸಿದರು. "ನೆನೆದೇ ಇಲ್ಲದ್ದನ್ನ ಏನೋ ಒಣಗಿಸ್ತೀಯ?"

"ಎಲ್ಲರೂ ಹಾಕ್ತಾರಮ್ಮ."

"ಹಾಕಪ್ಪ. ನಾಳೆ ಅನ್ನ ಉಣ್ಣುವಾಗ ಯಾರಾದ್ರೂ ಫೋನ್ ಮಾಡಿದ್ರೆ ನೀನೇ ಎತ್ತು."

ವಕೀಲಿ ನಕ್ಕಳು. ಸೊಸೆ ನಗಲಿಲ್ಲ. ಅತ್ತೆ ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ.

"ನನ್ನ ಪುಸ್ತಕ ಹದಿನಾಲ್ಕಿದ್ದವು. ಮೂವತ್ತು ವರ್ಷದ ಅಳತೆ. ಒಂದು ದಿನಾನಾದ್ರೂ ಅವು ಚಾರ್ಜಿಗೆ ಹಾಕಿ ಅಂದಿದ್ವಾ? ಜಾಗ ಹಿಡೀತವೆ ಅಂತ ನೀನು ತೂಕಕ್ಕೆ ಹಾಕಿಬಿಟ್ಟೆ."

"ನಿಮ್ಮನ್ನ ಕೇಳಿಯೇ ಹಾಕಿದ್ದು."

"ಕೇಳಿದೆ. ಗಾಡಿಯವನನ್ನ ಬಾಗಿಲಲ್ಲಿ ನಿಲ್ಲಿಸಿಕೊಂಡು ಕೇಳಿದೆ."

ಆ ದಿನದ ಊಟಕ್ಕೆ ಆಲೂಗಡ್ಡೆ. ಸೊಸೆ ಎರಡು ತುತ್ತು ತಿಂದು ಎದ್ದಳು.

ಎರಡು ದಿನ ಅಕ್ಕಿಯಲ್ಲಿ ಮಲಗಿದರೂ ಫೋನು ಏಳಲಿಲ್ಲ. ಬುಧವಾರ ಅವಳು ರಿಪೇರಿ ಅಂಗಡಿಗೆ ಹೋದಳು. ಅಲ್ಲಿ ಆರು ಗಿರಾಕಿಗಳು ಕೈಯಲ್ಲಿ ಆರು ಫೋನು ಹಿಡಿದು ನಿಂತಿದ್ದರು. ಅಂಗಡಿಯವನು ತನ್ನ ತಂತಿಯನ್ನು ಇವಳ ಫೋನಿಗೆ ತುರುಕಿ ಅರ್ಧ ನಿಮಿಷ ನೋಡಿದ.

"ಬೋರ್ಡ್ ಹೋಗಿರಬೇಕು ಅಕ್ಕ. ಬಿಟ್ಟು ಹೋಗಿ, ಹತ್ತು ದಿನ ಆಗುತ್ತೆ."

"ಒಳಗಿರೋದು?"

"ಅದರ ಗ್ಯಾರಂಟಿ ಕೊಡಕ್ಕಾಗಲ್ಲ. ಉಳಿದ್ರೆ ಉಳೀತು."

"ನಂಗೆ ಫೋನ್ ಬೇಡ, ಒಳಗಿರೋದೇ ಬೇಕು."

"ಎಲ್ಲರೂ ಅದನ್ನೇ ಅಂತಾರೆ," ಎಂದು ಅವನು ಮುಂದಿನವರ ಕಡೆ ಕೈ ಚಾಚಿದ.

ಅವಳು ಫೋನನ್ನು ವಾಪಸು ತಂದು ದಾರದ ಉಂಡೆಗಳ ಡಬ್ಬಿಗೆ ಎಸೆದಳು. ಮೇಜಿನ ಮುಂದೆ ಕೂತಳು. ಅಳಲಿಲ್ಲ. ಆದರೆ ಸಾಣೆಕಲ್ಲು ಹಿಡಿದು, ಆಗಲೇ ಹರಿತವಾಗಿದ್ದ ಕತ್ತರಿಯನ್ನು ಮತ್ತೆ ಮಸೆಯತೊಡಗಿದಳು. ಅತ್ತೆ ಸ್ವಲ್ಪ ಹೊತ್ತು ಆ ಸದ್ದು ಕೇಳಿದರು. ಪುಸ್ತಕದ ಮಾತು ಎತ್ತಬಾರದಿತ್ತು ಅನ್ನಿಸಿತು.

"ಮತ್ತೆ ಅಳತೆ ತಗೊಂಡ್ರಾಯ್ತು," ಎಂದರು.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಮೂರು ಪಾಳಿಯವರನ್ನೂ ಸಾಲಾಗಿ ನಿಲ್ಲಿಸಿ ಅಳೆದು ಬಂದಿದ್ದೀನಿ. ಈಗ ಕಳೆದುಹೋಯ್ತು ಅಂದ್ರೆ, ಅಳತೆ ಇಟ್ಕೊಳಕ್ಕಾಗದವಳು ಅಂಗಿ ಹೊಲೀತಾಳಾ ಅಂತಾರೆ. ಕೆಲಸಾನೇ ಕಿತ್ಕೋತಾರೆ."

"ಕಳೆದುಹೋಯ್ತು ಅಂತ ಯಾಕೆ ಹೇಳ್ತೀಯ? ನಾನು ಹೋಗ್ತೀನಿ. ನಾನು ದೊಡ್ಡವಳು, ನಾನೊಂದ್ಸಲ ನೋಡದೆ ಕತ್ತರಿ ಹಾಕಿಸಲ್ಲ ಅಂತ ನಾನೇ ಹಟ ಹಿಡಿದೆ ಅಂತೀನಿ. ಬೈದ್ರೆ ನನ್ನನ್ನ ಬೈಲಿ. ನೀನು ಅಷ್ಟರಲ್ಲಿ ಕಾಲರು, ಜೇಬು ಹೊಲಿದಿಡು. ಅವಕ್ಕೆ ಅಳತೆ ಬೇಡ."

ಸೊಸೆಯ ಕೈ ಕತ್ತರಿಯ ಮೇಲೆ ನಿಂತಿತು. ಇಷ್ಟು ವರ್ಷದಲ್ಲಿ ಅತ್ತೆ ಅವಳ ಪರವಾಗಿ ಸುಳ್ಳು ಹೇಳುತ್ತೇನೆ ಎಂದದ್ದು ಅದೇ ಮೊದಲು.

ಮರುದಿನದಿಂದ ಅತ್ತೆ ಒಳ್ಳೆಯ ಸೀರೆಯುಟ್ಟು, ಕುತ್ತಿಗೆಗೆ ಟೇಪು ಹಾಕಿಕೊಂಡು, ಶಾಲೆಗೆ ರಜೆಯಿದ್ದ ವಕೀಲಿಯನ್ನು ಬರೆಯಲು ಕರೆದುಕೊಂಡು ಹೊರಟರು. ಪಾಳಿ ಬದಲಾಗುವ ಹೊತ್ತಿಗೆ ನರ್ಸುಗಳು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕಾದಿರುವುದು, ಸಿಕ್ಕವರನ್ನು ಅಳೆಯುವುದು. ಅವರು ಹೇಳುವುದು, ಆಸ್ಪತ್ರೆಯ ಪಟ್ಟಿಯಲ್ಲಿದ್ದ ನಂಬರು ಹಾಕಿ ಮೊಮ್ಮಗಳು ತಲೆ ಬಗ್ಗಿಸಿ ಹೊಸ ಪುಸ್ತಕದಲ್ಲಿ ಬರೆಯುವುದು. ಹಳೆಯ ಟೇಪು ಅವರ ಕೈಯಲ್ಲಿ ಹಾವಿನ ಹಾಗೆ ಹರಿಯುವುದನ್ನು ನೋಡಿ ಮುಖ್ಯ ನರ್ಸು, "ಅಮ್ಮನಿಗೆ ಟೇಪು ಸುಮ್ನೆ ನೆಪಕ್ಕೆ. ಕಣ್ಣಳತೆಯೇ ಸಾಕು ಇವರಿಗೆ," ಎಂದರು. ಯಾರೋ ಕುರ್ಚಿ ತಂದರು. ಯಾರೋ ಚಹಾ ತಂದರು. ನಾಲ್ಕನೇ ನಂಬರಿನ ದಪ್ಪ ನರ್ಸು ಟೇಪು ಸೊಂಟ ಸುತ್ತುವಾಗ ಕಚಗುಳಿಯಾಗಿ ನಕ್ಕೂ ನಕ್ಕೂ ಉಳಿದವರಿಗೆಲ್ಲ ನಗು ಹತ್ತಿಸಿದಳು.

ಆ ವಾರ ಮನೆಯ ಗಾಳಿಯೇ ಬೇರೆಯಾಯಿತು. ಅತ್ತೆ ಬರುವ ಹೊತ್ತಿಗೆ ಸೊಸೆ ನೀರು ಕಾಯಿಸಿಟ್ಟಿರುತ್ತಿದ್ದಳು. ಅವರಿಗೆಂದು ಮೊಟ್ಟೆ ಬೇಯಿಸುತ್ತಿದ್ದಳು. ಊಟದ ಹೊತ್ತಿಗೆ ಅತ್ತೆಯ ಬಾಯಿಗೆ ಬಿಡುವಿರುತ್ತಿರಲಿಲ್ಲ. ಯಾವ ನರ್ಸಿನ ಭುಜ ಓರೆ, ಯಾರು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟರು, ಎಲ್ಲ ವರದಿ.

"ಉಸಿರು ಬಿಡು ತಾಯಿ ಅಂದೆ. ಅಂಗಿ ಹಾಕ್ಕೊಂಡ ಮೇಲೆ ನೀನು ಉಸಿರಾಡ್ಬೇಕಲ್ಲ ಅಂದೆ."

"ನಮ್ಮಮ್ಮನಿಗೆ ಹತ್ತು ವರ್ಷ ಕಮ್ಮಿ ಆಗಿದೆ," ಎಂದ ಮಗ.

"ಹತ್ತಲ್ಲ, ಐದು," ಎಂದಳು ವಕೀಲಿ. "ನಿಖರವಾಗಿ ಹೇಳ್ಬೇಕು."

ಸೊಸೆ ಅತ್ತೆಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. "ನೀವಿಲ್ಲದಿದ್ರೆ ನಾನು ಮುಳುಗಿಹೋಗ್ತಿದ್ದೆ," ಎಂದಳು. ಅತ್ತೆ ಆ ಮೊಟ್ಟೆಯನ್ನೂ ತಿಂದರು. ಆ ಮಾತಿನ ರುಚಿ ಅವರಿಗೆ ಬಹಳ ದಿನವಾದ ಮೇಲೆ ಸಿಕ್ಕಿತ್ತು.

ಮುಂದಿನ ಶನಿವಾರಕ್ಕೆ ಇಪ್ಪತ್ತೆಂಟೂ ಮುಗಿಯಿತು. ಶನಿವಾರ ಅತ್ತೆ ತಮ್ಮ ಯಂತ್ರಕ್ಕೆ ಎಣ್ಣೆ ಹಾಕುವ ದಿನ. ಸೂಜಿಯ ಕೆಳಗಿನ ತಗಡು ಬಿಚ್ಚಿ, ಹಲ್ಲುಗಳ ನಡುವೆ ಕೂತ ನೂಲಿನ ಧೂಳನ್ನು ಸೂಜಿಯಿಂದ ಕೆದಕಿ ತೆಗೆಯುತ್ತಾರೆ. ಒಂದು ವಾರ ಬಿಟ್ಟರೂ ಆ ಧೂಳು ಬೆಣೆಯಂತೆ ಗಟ್ಟಿಯಾಗಿ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅವತ್ತು ಸೊಸೆ ಗುಂಡಿ ತರಲು ಹೋಗಿದ್ದಳು, ಉಳಿದಿಬ್ಬರೂ ಮನೆಯಲ್ಲಿರಲಿಲ್ಲ. ದಾರದ ಡಬ್ಬಿಗೆ ಕೈ ಹಾಕಿದಾಗ ಅತ್ತೆಗೆ ಫೋನು ಸಿಕ್ಕಿತು. ಸುಮ್ಮನೆ, ಕೈ ಖಾಲಿಯಿತ್ತೆಂದು, ಚಾರ್ಜಿನ ತಂತಿ ತಂದು ಚುಚ್ಚಿದರು.

ತಂತಿ ಪೂರ್ತಿ ಒಳಗೆ ಹೋಗಲಿಲ್ಲ. ಕಣ್ಣಿಗೆ ಹೋದಂತೆಯೇ ಕಾಣುತ್ತಿತ್ತು, ಬೆರಳಿಗೆ ಮಾತ್ರ ಗೊತ್ತಾಯಿತು. ಯಂತ್ರದ ಕೆಳದಾರದ ಉರುಳೆ, ಬಾಬಿನ್, ಸರಿಯಾಗಿ ಕೂತರೆ ಟಿಕ್ ಎನ್ನುತ್ತದೆ. ಕೂರದಿದ್ದರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನಲವತ್ತು ವರ್ಷದಿಂದ ಅವರ ಹೆಬ್ಬೆರಳು ಆ ಸಂದನ್ನು ಬಲ್ಲದು. ಇಲ್ಲಿಯೂ ಅದೇ ಸಂದು.

ಅವರು ತೀರಾ ಸಣ್ಣ ಸೂಜಿ ಆರಿಸಿ ಫೋನಿನ ತೂತಿಗೆ ಇಳಿಸಿ ಮೆಲ್ಲನೆ ಎಳೆದರು. ಬಿಳಿಯ ನೂಲಿನ ಧೂಳು, ಒತ್ತಿ ಒತ್ತಿ ಕಂಬಳಿಯಾದದ್ದು, ಪದರ ಪದರವಾಗಿ ಬಂತು. ಎರಡು ವರ್ಷ ಏಪ್ರನ್ ಜೇಬಿನಲ್ಲಿ ಕೂತ ಫೋನು ಜೇಬಿನ ಧೂಳನ್ನೆಲ್ಲ ಬಾಯಿಗೆ ತುಂಬಿಕೊಂಡಿತ್ತು. ಪ್ರತಿ ರಾತ್ರಿ ತಂತಿ ಅದನ್ನು ಇನ್ನಷ್ಟು ಒಳಕ್ಕೆ ದೂಡಿತ್ತು. ಮೂರು ಚಾರ್ಜರು, ಒಂದು ಡಬ್ಬ ಅಕ್ಕಿ, ಒಬ್ಬ ಲಿಫ್ಟ್ ಮೆಕ್ಯಾನಿಕ್, ಒಬ್ಬ ಅಂಗಡಿಯವನು, ಯಾರೂ ಬಾಯಿ ತೆರೆಸಿ ನೋಡಿರಲಿಲ್ಲ.

ಮತ್ತೆ ತಂತಿ ಚುಚ್ಚಿದರು. ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಬ್ಯಾಟರಿಯ ಚಿತ್ರ ಮೂಡಿತು.

"ಬಂತು!" ಎಂದು ಅತ್ತೆ ಎದ್ದೇಬಿಟ್ಟರು. ಖಾಲಿ ಮನೆಯಲ್ಲಿ ಆ ಕೂಗು ಅವರಿಗೇ ಕೇಳಿಸಿತು. ನಿಂತರು. ನಿಂತಲ್ಲೇ ಯೋಚನೆ ಬಂತು. ಫೋನು ಬಂದರೆ ಆ ಪುಸ್ತಕ ಯಾರಿಗೆ ಬೇಕು? ಅವರ ಅಳತೆ ಯಾರಿಗೆ ಬೇಕು? ನಾಳೆಯಿಂದ ಮತ್ತೆ ಮೂಲೆ, ಮತ್ತೆ ಗುಂಡಿಗೆ ಕಾಜ ಹಾಕುವುದು, ಮೊಟ್ಟೆಯೂ ಒಂದೇ. ಇವತ್ತೊಂದು ದಿನ ಇರಲಿ, ನಾಳೆ ಹೇಳಿದರಾಯಿತು ಎಂದುಕೊಂಡರು. ಚಾರ್ಜು ತುಂಬಿದ ಮೇಲೆ ಫೋನನ್ನು ತಮ್ಮ ಸೀರೆಗಳ ಮಡಿಕೆಯಲ್ಲಿಟ್ಟರು.

ಭಾನುವಾರವೂ ಹೇಳಲಿಲ್ಲ. ಭಾನುವಾರ ಎಲ್ಲರೂ ಖುಷಿಯಾಗಿದ್ದರು.

ಸೋಮವಾರ ಸೊಸೆ ಆಸ್ಪತ್ರೆಯ ಬಟ್ಟೆಯನ್ನು ನೀರಿಗೆ ಹಾಕಿದಳು. ಕತ್ತರಿಸುವ ಮೊದಲೇ ನೆನೆಸಿ ಒಣಗಿಸಬೇಕು; ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಬಕೆಟ್ಟುಗಳನ್ನು ಹೊತ್ತು ಅವಳು ಮಹಡಿಯ ಮೇಲೆ ಹೋದಾಗ ಅತ್ತೆಗೆ ಒಂದು ಕೆಟ್ಟ ಆಸೆ ಹುಟ್ಟಿತು. ಸೊಸೆಯ ಅಳತೆಯಲ್ಲಿ ತಪ್ಪಿರಬಹುದು. ಇರಲೇಬೇಕು. ಟೇಪು ಹಿಡಿಯುವಾಗ ಅವಳಿಗೆ ಯಾವಾಗಲೂ ಅವಸರ. ತಪ್ಪು ಸಿಕ್ಕರೆ ಫೋನನ್ನೂ ಕೊಡಬಹುದು, ತಪ್ಪನ್ನೂ ತೋರಿಸಬಹುದು. ಕೋಣೆಯ ಬಾಗಿಲು ಹಾಕಿಕೊಂಡು ಫೋನು ತೆರೆದರು. ಸೊಸೆ ದಿನಕ್ಕೆ ನೂರು ಸಲ ಗಾಜಿನ ಮೇಲೆ ಎಳೆಯುವ ಗೆರೆ ಅವರಿಗೇನು ಗುಟ್ಟಲ್ಲ. ಮೊಮ್ಮಗಳ ಪುಸ್ತಕವನ್ನು ಕಿಟಕಿಯ ಬೆಳಕಿಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೇಳತೊಡಗಿದರು.

ಒಂದು ಸರಿಯಿತ್ತು. ಎರಡು, ಮೂರು ಸರಿಯಿದ್ದವು.

"ನಾಲ್ಕನೇ ನಂಬರು," ಎಂದಿತು ಫೋನಿನೊಳಗಿನ ಸೊಸೆ. "ಸೊಂಟ ಮೂವತ್ತೆಂಟು."

ಪುಸ್ತಕದಲ್ಲಿ ಮೂವತ್ತಮೂರು ಎಂದಿತ್ತು. ಸಿಕ್ಕಿಬಿದ್ದಳು ಎಂದು ಅತ್ತೆಯ ಮುಖ ಅರಳಿತು. ಅರಳಿದ ಮುಖ ಹಾಗೆಯೇ ನಿಂತಿತು. ನಾಲ್ಕು ಎಂದರೆ ಆ ದಪ್ಪ ನರ್ಸು, ಕಚಗುಳಿಯವಳು. ಅವಳ ಬೆನ್ನ ಹಿಂದಿನಿಂದ ಟೇಪು ಸುತ್ತಿ ತರುವಾಗ ಇವರ ಕೆನ್ನೆ ಅವಳ ಹೊಟ್ಟೆಗೆ ಒತ್ತಿತ್ತು. ಮೂವತ್ತಮೂರು ಆಗಲು ಸಾಧ್ಯವೇ ಇರಲಿಲ್ಲ.

ಇಪ್ಪತ್ತೆಂಟೂ ಕೇಳಿದರು. ಒಂಬತ್ತು ಜನರದು ತಪ್ಪಿತ್ತು. ಎಂಟು ಇರುವಲ್ಲಿ ಮೂರು, ಒಂಬತ್ತು ಇರುವಲ್ಲಿ ಆರು. ಟೇಪನ್ನು ತೆಗೆದು ಕೈಯಳತೆ ದೂರದಲ್ಲಿ ಹಿಡಿದು ನೋಡಿದರು. ಅಂಕಿಗಳ ಜಾಗದಲ್ಲಿ ಮಂಜು ಕೂತಿತ್ತು. ಒಂದು ವರ್ಷದಿಂದ ಹಾಗೆಯೇ. ಬಲ್ಬು ಹಳೆಯದು, ಟೇಪು ಸವೆದಿದೆ, ಮೋಡ ಕವಿದಿದೆ ಎಂದು ದಿನಕ್ಕೊಂದು ನೆಪ ಹೇಳಿಕೊಂಡು ತಳ್ಳಿದ್ದರು. ಪುಸ್ತಕವನ್ನು ಮೂಗಿಗೆ ಹಿಡಿಯಬಹುದು. ನರ್ಸುಗಳ ಸೊಂಟಕ್ಕೆ ಮೂಗು ಹಚ್ಚಿ ಟೇಪು ಓದಲಾಗುತ್ತದೆಯೇ? ಅರ್ಧ ಕಂಡದ್ದನ್ನು ಪೂರ್ತಿ ಕಂಡವರಂತೆ ಗಟ್ಟಿಯಾಗಿ ಹೇಳಿದ್ದರು.

ಫೋನನ್ನು ಮತ್ತೆ ಸೀರೆಯ ಮಡಿಕೆಗೆ ಸೇರಿಸಿ ಮಂಚದ ಮೇಲೆ ಕೂತರು. ಶನಿವಾರ ಬಚ್ಚಿಟ್ಟದ್ದು ಆಸೆಗೆ. ಇವತ್ತು ಬಚ್ಚಿಟ್ಟದ್ದು ನಾಚಿಕೆಗೆ. ಕಣ್ಣಿಲ್ಲದ ಟೈಲರಿಗೆ ಗುಂಡಿ ಎಣಿಸುವ ಕೆಲಸವನ್ನೂ ಯಾರು ಕೊಡುತ್ತಾರೆ?

ಮಂಗಳವಾರ ಬಟ್ಟೆ ಒಣಗಿತು. ಊಟದ ಹೊತ್ತಿನಲ್ಲಿ ಅತ್ತೆ ಒಂದು ದಾರಿ ಹುಡುಕಿ ನೋಡಿದರು.

"ಎಲ್ಲಾ ಅಂಗಿಗೂ ಪಕ್ಕದಲ್ಲಿ ಎರಡೆರಡು ಇಂಚು ಒಳಗೆ ಬಿಡು. ಆಮೇಲೆ ಬೇಕಾದ್ರೆ ಬಿಚ್ಚಿ ದೊಡ್ಡದು ಮಾಡ್ಬಹುದು."

"ಬಟ್ಟೆ ಎಲ್ಲಿದೆ ಅತ್ತೆ? ಲೆಕ್ಕ ಹಾಕಿ ಕೊಟ್ಟಿದ್ದಾರೆ. ಎರಡು ಇಂಚು ಬಿಟ್ರೆ ನಾಲ್ಕು ನರ್ಸು ಅಂಗಿ ಇಲ್ದೆ ನಿಲ್ಲಬೇಕಾಗುತ್ತೆ." ಸೊಸೆ ನಕ್ಕಳು. "ನಿಮ್ಮ ಅಳತೆ ಇರುವಾಗ ಯಾಕೆ ಹೆದರಿಕೆ?"

ಅತ್ತೆ ತಟ್ಟೆಯಲ್ಲಿ ಸಿಕ್ಕ ದಾರದ ಎಳೆಯನ್ನು ಬೆರಳಿಗೆ ಸುತ್ತತೊಡಗಿದರು.

ಬುಧವಾರ ಬೆಳಿಗ್ಗೆ ಮೇಜು ಒರೆಸಿ, ಬಟ್ಟೆ ಹರಡಿ, ಸೊಸೆ ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. ಗಂಡ ಒಂದು ತುದಿಯಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದ. ಬಟ್ಟೆಯ ಮೇಲೆ ಚೂರು ಬೀಳಬಾರದೆಂದು ಹೆಂಡತಿ ಅವನ ಗಲ್ಲದ ಕೆಳಗೆ ತಟ್ಟೆ ಹಿಡಿಸಿದ್ದಳು. ವಕೀಲಿ ಪುಸ್ತಕ ಓದಿ ಹೇಳುತ್ತಿದ್ದಳು. ಅತ್ತೆ ಮೂಲೆಯಲ್ಲಿ ಜೇಬಿಗೆ ಹೊಲಿಗೆ ಹಾಕುತ್ತಾ ಕಿವಿಯನ್ನೆಲ್ಲ ಇತ್ತ ಇಟ್ಟಿದ್ದರು. ಒಂದನೇ ನಂಬರು ಕತ್ತರಿಸಿಯಾಯಿತು. ಎರಡು ಆಯಿತು. ಮೂರನೆಯದಕ್ಕೆ ಕತ್ತರಿ ಹರಿಯುವ ಸದ್ದು ಕೇಳುವಾಗ ಅವರು ಪೆಡಲು ನಿಲ್ಲಿಸಿದರು.

"ನಾಲ್ಕನೇ ನಂಬರು," ಎಂದಳು ವಕೀಲಿ. "ಭುಜ ಹದಿನೈದೂವರೆ, ಎದೆ ನಲವತ್ತು, ಸೊಂಟ ಮೂವತ್ತಮೂರು."

ಸೀಮೆಸುಣ್ಣ ಗೆರೆ ಎಳೆಯಿತು. ಕತ್ತರಿ ಬಾಯಿ ತೆರೆಯಿತು.

"ನಿಲ್ಲಿಸು," ಎಂದರು ಅತ್ತೆ.

ಎದ್ದು ಒಳಗೆ ಹೋದರು. ಬಂದು, ಮೇಜಿನ ಮೇಲೆ ಹರಡಿದ್ದ ಬಟ್ಟೆಯ ನಡುವೆ ಫೋನು ಇಟ್ಟರು. ಗಾಜು ಬೆಳಗುತ್ತಿತ್ತು.

"ಆನ್ ಆಯ್ತಾ!" ಸೊಸೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಅಯ್ಯೋ ಅತ್ತೆ, ಹೇಗೆ? ಏನಾಗಿತ್ತು?"

"ನಿನ್ನ ಜೇಬಿನ ಧೂಳು. ತೂತು ತುಂಬಾ ಕೂತಿತ್ತು. ಸೂಜಿಯಲ್ಲಿ ತೆಗೆದೆ."

"ಧೂಳಾ?" ಎಂದ ಮಗ, ಬಾಯಲ್ಲಿ ಬ್ರೆಡ್ಡು ಹಾಗೆಯೇ ಇತ್ತು.

"ಯಾವಾಗ ತೆಗೆದ್ರಿ?" ಎಂದಳು ವಕೀಲಿ. ಕೇಳಬಾರದ್ದನ್ನು ಅವಳು ಯಾವಾಗಲೂ ಸರಿಯಾದ ಸಮಯಕ್ಕೆ ಕೇಳುತ್ತಿದ್ದಳು.

"ಶನಿವಾರ."

"ಇವತ್ತು ಬುಧವಾರ," ಎಂದಳು ಸೊಸೆ.

"ಹೌದು. ಮೊದಲು ಅದರಲ್ಲಿ ನಾಲ್ಕನೇದು ಕೇಳು. ಆಮೇಲೆ ನನ್ನನ್ನ ಏನಾದ್ರೂ ಅನ್ನು."

ಸೊಸೆ ಹುಡುಕಿ ಹಚ್ಚಿದಳು. ಅವಳದೇ ದನಿ ಬಂತು. ಸೊಂಟ ಮೂವತ್ತೆಂಟು. ಅವಳು ಪುಸ್ತಕ ನೋಡಿದಳು, ಫೋನು ನೋಡಿದಳು.

"ನಾನೇ ತಪ್ಪು ತಗೊಂಡಿರ್ತೀನಿ," ಎಂದಳು. "ಅವತ್ತು ಜನ ಜಾಸ್ತಿ ಇದ್ರು, ಗಡಿಬಿಡಿಯಲ್ಲಿದ್ದೆ. ನಿಮ್ಮ ಅಳತೆ ತಪ್ಪಲ್ಲ. ಪುಸ್ತಕದ್ದನ್ನೇ ಕತ್ತರಿಸ್ತೀನಿ."

ಹಾಗೆಂದು ಮತ್ತೆ ಕತ್ತರಿ ಎತ್ತಿದಳು. ಅತ್ತೆಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ಸುಲಭವಿತ್ತು. ಇಷ್ಟು ದಿನ ಈ ನಂಬಿಕೆ ಮನೆಯಲ್ಲೇ ಇತ್ತು. ಅದು ಇಲ್ಲವೆಂದುಕೊಂಡು ತಾನು ಫೋನು ಬಚ್ಚಿಟ್ಟೆ ಎಂದು ತಿಳಿದು ಅವರಿಗೆ ಅಳು ಬಂತು. ಸೊಸೆಯ ಕೈ ಹಿಡಿದರು.

"ನಿಂದೇ ಸರಿ. ತಪ್ಪು ನಂದು. ಸೋಮವಾರ ನೀನು ಮಹಡಿ ಮೇಲಿದ್ದಾಗ ಬಾಗಿಲು ಹಾಕ್ಕೊಂಡು ಎಲ್ಲಾ ಕೇಳಿದೆ, ಒಂಬತ್ತು ಜನರದ್ದು ತಪ್ಪಿದೆ. ನಂಗೆ ಟೇಪು ಕಾಣಲ್ಲ."

"ಕಾಣಲ್ಲ ಅಂದ್ರೆ?"

"ಕಾಣಲ್ಲ ಅಂದ್ರೆ ಕಾಣಲ್ಲ. ವರ್ಷ ಆಯ್ತು."

"ಮತ್ತೆ ಸೂಜಿಗೆ ದಾರ? ಕಾಜ?"

"ಬೆರಳಲ್ಲಿ."

ಮಗ ತಟ್ಟೆ ಕೆಳಗಿಟ್ಟ. ಸೊಸೆ ತನ್ನ ಕೈ ಬಿಡಿಸಿಕೊಂಡಳು. ಅವಳ ಮುಖ ಕೆಂಪಾಗಿತ್ತು.

"ಕಣ್ಣಿನ ಮಾತು ಬಿಡಿ, ಅದು ಯಾರಿಗಾದ್ರೂ ಬರುತ್ತೆ," ಎಂದಳು. "ಒಂಬತ್ತು ಅಂಗಿ ಹಾಳಾಗ್ತಿತ್ತು. ನಾನು ಮಹಡಿ ಮೇಲೆ ಬಟ್ಟೆ ಹಿಂಡ್ತಾ, ಇಂಥ ಅತ್ತೆ ಯಾರಿಗಿದ್ದಾರೆ ಅಂದ್ಕೋತಿದ್ದೆ. ನೀವು ಕೆಳಗೆ ಬಾಗಿಲು ಹಾಕ್ಕೊಂಡು ನನ್ನ ಫೋನು ಕೇಳ್ತಿದ್ರಿ."

"ಹೇಳ್ಬೇಕು ಅಂತಾನೇ..."

"ಸಾಕು."

ಸಾಕು ಎಂದವಳು ನಿಜವಾಗಿಯೂ ಅಲ್ಲಿಗೇ ಸಾಕುಮಾಡಿದಳು. ಅಂದಿನಿಂದ ಅತ್ತೆಯೊಡನೆ ಅವಳು ಮಾತು ಬಿಟ್ಟಳು. ಊಟಕ್ಕೆ ಬಡಿಸುವುದು ಬಿಡಲಿಲ್ಲ, ನೀರು ಕಾಯಿಸುವುದು ಬಿಡಲಿಲ್ಲ, ಮೊಟ್ಟೆಯೂ ಎರಡೇ ಇರುತ್ತಿತ್ತು. ಮಾತು ಮಾತ್ರ ಇಲ್ಲ. "ಅಜ್ಜಿಗೆ ಹೇಳು, ಐದನೇದಕ್ಕೆ ಕಾಜ ಆಗ್ಬೇಕು." "ಅಮ್ಮನಿಗೆ ಹೇಳು, ಆಗಿದೆ." ವಕೀಲಿ ಎರಡು ದಿನ ಇಬ್ಬರ ಪರವಾಗಿಯೂ ವಾದಿಸಿ ಸುಸ್ತಾಗಿ ಮೂರನೆಯ ದಿನ ಕೇಸು ಬಿಟ್ಟಳು. ಮಗ ನಡುವೆ ಬರಲು ನೋಡಿದ.

"ಅಮ್ಮನಿಗೂ ವಯಸ್ಸಾಗಿದೆ ಕಣೇ. ಹೆದರಿಕೊಂಡಿದ್ದಾಳೆ."

"ವಯಸ್ಸಿಗೆ ನಾನು ಏನೂ ಅಂದಿಲ್ಲ," ಎಂದಳು ಹೆಂಡತಿ. "ಹೆದರಿಕೆ ನನಗಿರಲಿಲ್ವಾ? ನಾನು ಬಚ್ಚಿಟ್ನಾ?"

ಅವನು ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ಇಬ್ಬರ ನಡುವೆ ನಿಂತುಬಿಟ್ಟ.

ಫೋನು ಮೇಜಿನ ಮೇಲೆ ಗೋಡೆಗೊರಗಿ ನಿಂತು ದಿನವಿಡೀ ಅಳತೆ ಹೇಳುತ್ತಿತ್ತು. ಹನ್ನೊಂದನೇ ನಂಬರು, ಹನ್ನೆರಡನೇ ನಂಬರು. ಸೊಸೆಯ ದನಿ ಫೋನಿನಿಂದ ಬರುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. ಅತ್ತೆ ಅದನ್ನು ಕೇಳುತ್ತಲೇ ಕಣ್ಣು ಮುಚ್ಚಿಕೊಂಡು ಕಾಜ ಹಾಕುತ್ತಿದ್ದರು. ತೆರೆದಿಟ್ಟುಕೊಂಡು ನಟಿಸುವ ಅಗತ್ಯ ಈಗ ಇರಲಿಲ್ಲ. ಒಂದು ಮಧ್ಯಾಹ್ನ ಸೊಸೆ ಅವರು ಮುಗಿಸಿದ ಅಂಗಿಯೊಂದನ್ನು ಬೆಳಕಿಗೆ ಹಿಡಿದು ಆರೂ ಕಾಜಗಳನ್ನು ಒಂದೊಂದಾಗಿ ನೋಡಿದಳು. ಗೆರೆ ಎಳೆದಂತಿದ್ದವು. ಅವಳು ಅಂಗಿ ಮಡಿಸಿಟ್ಟಳು.

ತಿಂಗಳ ಕೊನೆಯ ದಿನ ಇಪ್ಪತ್ತೆಂಟು ಅಂಗಿಗಳನ್ನು ಎರಡು ದೊಡ್ಡ ಚೀಲಕ್ಕೆ ತುಂಬಿ ಅತ್ತೆ ಸೊಸೆ ಆಸ್ಪತ್ರೆಗೆ ಹೋದರು. ಇಬ್ಬರೂ ಬರಬೇಕೆಂದು ಮುಖ್ಯ ನರ್ಸು ಫೋನು ಮಾಡಿದ್ದರು, ಇಲ್ಲದಿದ್ದರೆ ಸೊಸೆ ಒಬ್ಬಳೇ ಹೋಗುತ್ತಿದ್ದಳು. ಬಟ್ಟೆ ಬದಲಾಯಿಸುವ ಕೋಣೆ ತುಂಬಿಹೋಗಿತ್ತು. ಒಬ್ಬೊಬ್ಬರೇ ತೊಟ್ಟು ಬಂದು ತಿರುಗಿ ತೋರಿಸಿದರು. ನಾಲ್ಕನೇ ನಂಬರಿನವಳು ಎರಡೂ ಕೈ ಮೇಲೆತ್ತಿ, ಬಗ್ಗಿ, ಎದ್ದು, "ಎಲ್ಲೂ ಹಿಡಿಯಲ್ಲ!" ಎಂದು ನಕ್ಕಳು. ಒಂದೂ ಬಿಗಿಯಿರಲಿಲ್ಲ, ಒಂದೂ ಜೋತುಬೀಳಲಿಲ್ಲ.

ಮುಖ್ಯ ನರ್ಸು ಎಲ್ಲರ ಮುಂದೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಅಮ್ಮ ಖುದ್ದಾಗಿ ಬಂದು ಎರಡನೇ ಸಲ ಅಳೆದಿದ್ದಕ್ಕೇ ಹೀಗೆ ಕೂತಿದೆ. ಮುಂದಿನ ವರ್ಷದ್ದೂ ನಿಮಗೇ. ಆದ್ರೆ ಅಳತೆಗೆ ನೀವೇ ಬರಬೇಕು, ಬೇರೆ ಯಾರೂ ಬೇಡ."

ನರ್ಸುಗಳು ಚಪ್ಪಾಳೆ ತಟ್ಟಿದರು. ಸೊಸೆ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದಳು. ಅವಳು ತಲೆ ಎತ್ತಲಿಲ್ಲ.

"ನಾನು ಸುಳ್ಳು ಹೇಳಿದ್ದೆ," ಎಂದರು ಅತ್ತೆ.

ಚಪ್ಪಾಳೆ ನಿಂತಿತು.

"ನಾನು ಅಳೆದದ್ದು ಒಂಬತ್ತು ತಪ್ಪಿತ್ತು. ಇದು ಅಷ್ಟೂ ನನ್ನ ಸೊಸೆ ಮೊದಲು ತಗೊಂಡ ಅಳತೆ. ಕತ್ತರಿ ಅವಳದ್ದು, ಹೊಲಿಗೆ ಅವಳದ್ದು. ಮುಂದಿನ ವರ್ಷಾನೂ ಅವಳೇ ಬರ್ತಾಳೆ." ಒಂದು ಸಲ ಉಸಿರು ಎಳೆದುಕೊಂಡರು. "ನಂಗೆ ಟೇಪಿನ ಅಂಕಿ ಕಾಣಲ್ಲಮ್ಮ. ನಿಮ್ಮಲ್ಲಿ ಕಣ್ಣಿನ ಡಾಕ್ಟರು ಇದ್ದಾರಂತಲ್ಲ, ಅವರು ಎಲ್ಲಿ ಕೂರ್ತಾರೆ?"

ಮುಖ್ಯ ನರ್ಸು ಬಾಗಿಲ ಕಡೆ ಕೈ ತೋರಿಸಿದರು. ಅತ್ತೆ ಆ ಕಡೆ ತಿರುಗಿದರು. ಹೊರಗಿನ ಓಣಿಯಲ್ಲಿ ಬೆಳಕು ಕಡಿಮೆಯಿತ್ತು. ಒಂದು ಹೆಜ್ಜೆ ಇಟ್ಟು, ಮುಂದಿನದನ್ನು ಎಲ್ಲಿಡುವುದೆಂದು ಕಾಲು ಆಡಿಸುತ್ತಾ ನಿಂತರು.

ಸೊಸೆ ಚೀಲ ಕೆಳಗೆ ಬಿಟ್ಟು ಹೋಗಿ ಅವರ ತೋಳು ಹಿಡಿದಳು. ಹದಿಮೂರು ದಿನವಾಗಿತ್ತು ಅವರೊಡನೆ ಮಾತಾಡಿ.

"ಅತ್ತೆ, ಎಡಗಡೆ ಬನ್ನಿ," ಎಂದಳು. "ಮೂರು ಮೆಟ್ಟಿಲಿದೆ. ಕೊನೇದು ಸ್ವಲ್ಪ ಎತ್ತರ."